ಇಪ್ಪತ್ತಮೂರನೇ ಸಾಲಿನ ‘ಇಲ್ಲ’

ನೀರು ಪರೀಕ್ಷಿಸುವ ಆ ಲ್ಯಾಬಿನಲ್ಲಿ ಖಾಲಿ ಮನೆ ಬಿಡುವುದೆಂದರೆ ಮಹಾಪರಾಧ. ಮನೆ ಅಂದರೆ ಇಟ್ಟಿಗೆ ಗಾರೆಯದಲ್ಲ; ವರದಿಯ ನಮೂನೆಯಲ್ಲಿ ಉದ್ದಗೆರೆ ಅಡ್ಡಗೆರೆ ಎಳೆದು ಮಾಡಿದ ಚೌಕ. ಹಿಂದೊಮ್ಮೆ ಯಾರೋ ಪುಣ್ಯಾತ್ಮ ಒಂದು ಮನೆ ಖಾಲಿ ಬಿಟ್ಟು ಸಹಿ ಹಾಕಿದ್ದ. ಆ ಕಾಗದ ಮೂರು ಮೇಜು ದಾಟುವಷ್ಟರಲ್ಲಿ ಇನ್ನೊಬ್ಬ ಪುಣ್ಯಾತ್ಮ ಅದರಲ್ಲಿ ತನಗೆ ಬೇಕಾದ ಅಂಕಿ ತುಂಬಿದ್ದ. ಸಹಿ ಹಾಕಿದವನು ಎರಡು ವರ್ಷ ವಿಚಾರಣೆಗೆ ಅಲೆದು ಚಪ್ಪಲಿ ಸವೆಸಿದ. ಅಂದಿನಿಂದ ಕಟ್ಟಪ್ಪಣೆಯಾಯಿತು: ಯಾವ ಮನೆಯೂ ಖಾಲಿ ಇರಕೂಡದು.

ಪರೀಕ್ಷೆ ಮಾಡಿದರೆ ಅಂಕಿ. ಮಾಡಿಯೂ ಏನೂ ಕಾಣದಿದ್ದರೆ ‘ಸಿಗಲಿಲ್ಲ’. ಆ ಪರೀಕ್ಷೆ ಮಾಡುವ ಸವಲತ್ತೇ ಲ್ಯಾಬಿನಲ್ಲಿ ಇಲ್ಲದಿದ್ದರೆ ‘ಪರೀಕ್ಷೆ ಇಲ್ಲ’. ಆದರೆ ಚೌಕ ಎರಡು ಬೆರಳಗಲ. ಅಷ್ಟರೊಳಗೆ ‘ಪರೀಕ್ಷೆ’ ಹಿಡಿಸುತ್ತಿರಲಿಲ್ಲ; ಒತ್ತಕ್ಷರ ಹೋಗಿ ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತಿತ್ತು. ನಾಲ್ಕಾರು ವರ್ಷ ಹೀಗೆ ಇರುಕಿಸಿ ಬರೆದ ಮೇಲೆ ‘ಪರೀಕ್ಷೆ’ ತಾನಾಗಿ ಉದುರಿಹೋಗಿ ಬರೀ ‘ಇಲ್ಲ’ ಉಳಿಯಿತು. ಲ್ಯಾಬಿನವರಿಗೆ ಅದರಲ್ಲಿ ಗೊಂದಲವೇನೂ ಇರಲಿಲ್ಲ. ‘ಸಿಗಲಿಲ್ಲ’ ಬೇರೆ, ‘ಇಲ್ಲ’ ಬೇರೆ ಎಂಬುದು ಬಾಟಲಿ ತೊಳೆಯುವವನಿಗೂ ಗೊತ್ತಿತ್ತು. ಹೊರಗಿನವರು ಓದಿದರೆ ಏನೆಂದುಕೊಳ್ಳುತ್ತಾರೆ ಎಂದು ಯಾರೂ ಯೋಚಿಸಲಿಲ್ಲ. ನಮ್ಮ ಮನೆಯ ಮಾತು ಪಕ್ಕದ ಮನೆಯವರಿಗೂ ಅರ್ಥವಾಗುತ್ತದೆಂದು ನಾವೆಲ್ಲ ನಂಬಿಕೊಂಡೇ ಬದುಕುವುದಲ್ಲವೇ?

ನಮೂನೆಯ ಇಪ್ಪತ್ತಮೂರನೇ ಸಾಲು ‘ಔಷಧದ ಉಳಿಕೆ’. ಯಾವುದೋ ಕಾಲದಲ್ಲಿ ಹೊಸ ಕಾಯಿದೆ ಬರುತ್ತದೆ, ಮಾತ್ರೆ ಕಾರ್ಖಾನೆಗಳು ಹೊರಬಿಡುವ ನೀರಿನಲ್ಲಿ ಔಷಧ ಎಷ್ಟಿರಬಹುದೆಂದು ಮಿತಿ ಹಾಕುತ್ತದೆ ಎಂದು ಗುಲ್ಲಾಗಿತ್ತು. ನಮೂನೆ ಅಚ್ಚು ಹಾಕಿಸುವವರು ಒಂದು ಹೆಜ್ಜೆ ಮುಂದೆ ಹೋಗಿ ಸಾಲನ್ನೂ ಸೇರಿಸಿಬಿಟ್ಟರು. ಆಮೇಲೆ ಕಾಯಿದೆ ಬರಲಿಲ್ಲ, ಸಾಲು ಹೋಗಲಿಲ್ಲ. ಅದನ್ನು ಪರೀಕ್ಷಿಸಲೆಂದು ಬಂದ ದೊಡ್ಡ ಯಂತ್ರವೊಂದು ಮರದ ಪೆಟ್ಟಿಗೆಯೊಳಗೇ ಐದು ವರ್ಷದಿಂದ ಕೂತಿತ್ತು. ಅದಕ್ಕೆ ಬೇಕಾದ ಗ್ಯಾಸಿಗೆ ಮಂಜೂರಾತಿಯಿಲ್ಲ, ನಡೆಸಲು ತರಬೇತಾದವರಿಲ್ಲ. ಪೆಟ್ಟಿಗೆಯ ನೆತ್ತಿಯ ಮೇಲೆ ಎಲ್ಲರೂ ಊಟದ ಡಬ್ಬಿ ಇಡುತ್ತಿದ್ದರು.

ಕೆಮಿಸ್ಟಮ್ಮ ಆ ಲ್ಯಾಬಿಗೆ ಬಂದು ಇಪ್ಪತ್ತೊಂದು ವರ್ಷವಾಗಿತ್ತು. ಹೆಸರಿಟ್ಟವರು ಅವಳ ಬೀದಿಯ ಜನ. ಕೆಮಿಸ್ಟ್ ಎಂದರೆ ಔಷಧಿ ಅಂಗಡಿಯವಳೆಂದೇ ಅವರ ಲೆಕ್ಕ. ತಲೆನೋವು ಬಂದರೆ ಬಾಗಿಲು ತಟ್ಟಿ ಮಾತ್ರೆ ಕೇಳುತ್ತಿದ್ದರು. ಇವಳು ಮೊದಮೊದಲು ವಿವರಿಸಿ, ಆಮೇಲೆ ಸುಸ್ತಾಗಿ, ಈಗ ಒಂದು ಡಬ್ಬಿಯಲ್ಲಿ ಮಾತ್ರೆಯನ್ನೇ ಇಟ್ಟುಕೊಂಡಿದ್ದಳು. ಅವಳನ್ನು ಮರಿ ಎಂದು ಕರೆಯುತ್ತಿದ್ದದ್ದು ಲೋಕದಲ್ಲಿ ಒಬ್ಬಳೇ, ಅವಳ ಅಕ್ಕ. ಅವ್ವ ಹೋದಾಗ ಮರಿಗೆ ಒಂಬತ್ತು, ಅಕ್ಕನಿಗೆ ಹತ್ತೊಂಬತ್ತು. ಜಡೆ ಹಾಕಿ, ಪುಸ್ತಕಕ್ಕೆ ರಟ್ಟು ಹಾಕಿ, ಕಾಲೇಜು ಮುಗಿಸುವವರೆಗೂ ನೋಡಿಕೊಂಡವಳು ಅವಳೇ. ಮರಿ ಹೇಳಿದರೆ ಮುಗಿಯಿತು, ಅಕ್ಕನಿಗೆ ಅದು ಕಲ್ಲಲ್ಲಿ ಕೊರೆದ ಮಾತು.

ಅಕ್ಕನ ಮನೆ ಊರಿನ ಇನ್ನೊಂದು ತುದಿಯಲ್ಲಿ, ಮಾತ್ರೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ. ಭಾವ ಹಳೆ ಸೋಫಾಗಳ ಬಟ್ಟೆ ಕಿತ್ತು ಹೊಸತು ಹೊಲಿದು ಕೊಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ನಾಲ್ಕು ತಿಂಗಳ ಹಿಂದೆ ಒಂದು ಸೋಫಾದ ಹೊಟ್ಟೆ ಬಗೆಯುವಾಗ ಒಳಗಿನ ಸ್ಪ್ರಿಂಗು ಛಂಗನೆ ಜಿಗಿದು ಅವನ ಪಾದದ ಗಂಟಿನ ಮೇಲೆ ಮೂರು ಬೆರಳುದ್ದ ಸೀಳಿತ್ತು. ಸಕ್ಕರೆ ಕಾಯಿಲೆಯಿಲ್ಲ, ಇನ್ನೊಂದಿಲ್ಲ, ಗಟ್ಟಿ ಆಳು. ಹೊಲಿಗೆ ಹಾಕಿಸಿಕೊಂಡು ಬಂದು, ಜೀವಮಾನವಿಡೀ ಹೊಲಿದವನಿಗೆ ಕೊನೆಗೂ ಹೊಲಿಗೆ ಬಿತ್ತು ನೋಡು ಎಂದು ನಾದಿನಿಯ ಹತ್ತಿರ ನಕ್ಕಿದ್ದ.

ಆ ಬೀದಿಯ ಹಿಂದೆ ಒಂದು ತೊರೆ. ಕಾರ್ಖಾನೆಯ ಕೊಳವೆ ಅದಕ್ಕೇ ಬಾಯಿಟ್ಟಿತ್ತು. ಕೆಲವು ದಿನ ನೊರೆ, ಕೆಲವು ದಿನ ಹಳದಿ, ಮಾತ್ರೆ ಬಾಯಲ್ಲಿ ಕರಗಿದಾಗ ಬರುವಂಥದ್ದೇ ಕಹಿ ವಾಸನೆ. ಮನೆಗಳ ಹಿತ್ತಿಲ ಬಾವಿಗಳು ತೊರೆಯಿಂದ ಹತ್ತು ಮಾರು ದೂರ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆ ನೀರು ಗಾಯಕ್ಕೆ ತಾಗಕೂಡದೆಂದು ಕೆಮಿಸ್ಟಮ್ಮ ಮೊದಲ ದಿನವೇ ಅಕ್ಕನಿಗೆ ಹೇಳಿದಳು. ಅಕ್ಕ ಎರಡು ಮಾತಾಡಲಿಲ್ಲ. ಸೇತುವೆಯಾಚೆಯ ಟ್ಯಾಂಕಿನ ನಲ್ಲಿಯಿಂದ ದಿನಕ್ಕೆರಡು ಕ್ಯಾನು ಹೊತ್ತು ತಂದಳು. ಮಂಡಿ ನೋವಿನವಳು, ಅರ್ಧ ದಾರಿಯಲ್ಲಿ ಕ್ಯಾನು ಇಳಿಸಿ ಕೂತು ಮತ್ತೆ ಎತ್ತುತ್ತಿದ್ದಳು. ಆ ನೀರನ್ನೇ ಕುದಿಸಿ ಆರಿಸಿ ಗಾಯ ತೊಳೆಯುತ್ತಿದ್ದಳು. ಎರಡು ತಿಂಗಳಿಗೆ ಗಾಯ ಅಂಚಿನಿಂದ ಒಣಗುತ್ತ ಬಂದಿತ್ತು.

ಅಷ್ಟರಲ್ಲಿ ಬೀದಿಯವರು ಸೇರಿ ದೂರು ಕೊಟ್ಟರು. ದೂರು ಲ್ಯಾಬಿಗೆ ಬಂತು. ಅಲ್ಲಿದ್ದ ಇಬ್ಬರು ಕೆಮಿಸ್ಟರಲ್ಲಿ ಇನ್ನೊಬ್ಬರು ದೀರ್ಘ ರಜೆಯ ಮೇಲಿದ್ದರು. ನಮ್ಮ ಅಕ್ಕನ ಬಾವಿ ಸಾರ್, ನಾನು ಮಾಡಬಹುದಾ ಎಂದು ಇವಳು ದೊಡ್ಡ ಸಾಹೇಬರನ್ನು ಕೇಳಿದಳು. ಮತ್ಯಾರು ಮಾಡ್ತಾರಮ್ಮ, ನಾನಾ ಎಂದು ಅವರು ಕೇಳಿದರು.

ಐಸ್ ಪೆಟ್ಟಿಗೆ ಹೊತ್ತು ಹೊತ್ತು ಐಸಪ್ಪ ಎಂದೇ ಹೆಸರಾಗಿದ್ದ ಮುದಿ ಅಟೆಂಡರನನ್ನು ಕರೆದುಕೊಂಡು ಹೋಗಿ ಕೊಳವೆಯ ಬಾಯಲ್ಲಿ, ತೊರೆಯ ನಡುವಲ್ಲಿ, ಮೂರು ಬಾವಿಗಳಲ್ಲಿ ನೀರು ಹಿಡಿದಳು. ಪ್ರತಿ ಬಾಟಲಿಯನ್ನೂ ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ಚೀಟಿ ಅಂಟಿಸಿ, ಅರಗಿನ ಮುದ್ರೆ ಒತ್ತಿದಳು. ಅಕ್ಕನ ಬಾವಿಯೆಂದು ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿಯಿಲ್ಲ. ಬಂದ ಅಂಕಿಗಳು ಅವಳಿಗೆ ಸಮಾಧಾನ ಕೊಡಲಿಲ್ಲ. ಹುಳಿ, ಉಪ್ಪು, ಕೊಳೆ, ಲೋಹ ಎಲ್ಲವೂ ಮಿತಿಯ ಗೆರೆಗೆ ಮೂಗು ತಾಗಿಸಿ ಒಳಗೇ ನಿಂತಿದ್ದವು. ಕಾರ್ಖಾನೆಯವರು ಅಷ್ಟು ಮಟ್ಟಿಗೆ ಜಾಣರು. ಅಂಕಿಗಳನ್ನು ತುಂಬುತ್ತ ಬಂದು ಇಪ್ಪತ್ತಮೂರನೇ ಸಾಲಿನಲ್ಲಿ ಕೈ ತನ್ನಷ್ಟಕ್ಕೆ ‘ಇಲ್ಲ’ ಎಂದು ಬರೆಯಿತು. ಇಪ್ಪತ್ತೊಂದು ವರ್ಷ ಬರೆದ ಕೈ. ಪೆನ್ನು ಎತ್ತಿ ಒಂದು ಗಳಿಗೆ ನಿಂತಿದ್ದರೂ ಸಾಕಿತ್ತು. ನಿಲ್ಲಲಿಲ್ಲ. ಸಹಿ ಹಾಕಿ ಕಳಿಸಿದಳು.

ಏಳು ವಾರದ ಮೇಲೆ ಆ ದೂರಿನ ಆದೇಶದ ಪ್ರತಿಯೊಂದು ಲ್ಯಾಬಿಗೆ ಬಂತು. ಕಡತಕ್ಕೆ ಸೇರಿಸುವ ಮುಂಚೆ ಎಂದಿನಂತೆ ಕಣ್ಣಾಡಿಸಿದ ಕೆಮಿಸ್ಟಮ್ಮ ಎರಡನೇ ಪುಟದಲ್ಲಿ ನಿಂತುಬಿಟ್ಟಳು. ‘ಸರ್ಕಾರಿ ಪ್ರಯೋಗಾಲಯವೇ ಪರೀಕ್ಷಿಸಿ ನೀರಿನಲ್ಲಿ ಔಷಧದ ಉಳಿಕೆ ಇಲ್ಲವೆಂದು ದೃಢಪಡಿಸಿರುವುದರಿಂದ, ದೂರನ್ನು ಮುಕ್ತಾಯಗೊಳಿಸಲಾಗಿದೆ.’ ಇನ್ನೊಮ್ಮೆ ಓದಿದಳು. ಪರೀಕ್ಷಿಸಿ ಅಂತೆ. ದೃಢಪಡಿಸಿ ಅಂತೆ. ಯಾರು, ಯಾವಾಗ? ಊಟದ ಡಬ್ಬಿ ಹೊತ್ತ ಆ ಪೆಟ್ಟಿಗೆಯನ್ನು ನೋಡಿದಳು. ಅಯ್ಯೋ ದೇವರೇ, ನಾನು ಏನು ಬರೆದೆ ಎಂದು ಅವಳ ಬಾಯಿಂದ ಹೊರಟೇಹೋಯಿತು.

ದೊಡ್ಡ ಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಕೂರಿಸಿ, ಚಹಾ ತರಿಸಿ, ಪೂರ್ತಿ ಕೇಳಿಸಿಕೊಂಡರು. ವರದಿಯ ತಿದ್ದುಪಡಿಗೆ ಮೂವತ್ತು ದಿನದ ಗಡುವು, ಅದು ಎಂದೋ ದಾಟಿತ್ತು. ಗಡುವಿನ ಆಚೆ ತಿದ್ದಬೇಕಾದರೆ ಮರುಪರೀಕ್ಷೆ ಮಾಡಿ ಬೇರೆ ಅಂಕಿ ತೋರಿಸಬೇಕು. ಮರುಪರೀಕ್ಷೆಗೆ ಯಂತ್ರ ಬೇಕು. ಯಂತ್ರ ಬಿಚ್ಚಬೇಕಾದರೆ ಮಂಜೂರಾತಿ ಬೇಕು. ಮಿತಿಯನ್ನೇ ಹಾಕದ ವಸ್ತುವನ್ನು ಅಳೆಯುವುದಕ್ಕೆ ಮಂಜೂರಾತಿ ಯಾಕೆಂದು ಮೇಲಿನವರು ಕೇಳುತ್ತಾರೆ. ಮಿತಿ ಯಾಕೆ ಹಾಕಿಲ್ಲ ಎಂದರೆ, ನೀರಿನಲ್ಲಿ ಅದು ಇದೆ ಎಂದು ಯಾವ ಲ್ಯಾಬೂ ಇದುವರೆಗೆ ತೋರಿಸಿಲ್ಲ.

“ಹಾಗಾದ್ರೆ ಆ ಚೌಕದಲ್ಲಿ ‘ಪರೀಕ್ಷೆ ಇಲ್ಲ’ ಅಂತ ಪೂರ್ತಿ ಬರೆದು ಒಂದು ಕಾಗದನಾದ್ರೂ ಕಳಿಸೋಣ ಸಾರ್. ಅದು ಸುಳ್ಳಲ್ಲವಲ್ಲ?”

ಸಾಹೇಬರು ಲೋಟದ ತಳ ನೋಡಿದರು. “ಸುಳ್ಳಲ್ಲ. ಆದ್ರೆ ಈ ಒಂದು ವರದಿಯ ‘ಇಲ್ಲ’ಕ್ಕೆ ಆ ಅರ್ಥ ಹೇಳಿದ್ರೆ, ನೀವು ಇಪ್ಪತ್ತೊಂದು ವರ್ಷದಿಂದ ಬರೆದ ‘ಇಲ್ಲ’ಗಳಿಗೆಲ್ಲ ಏನು ಹೇಳ್ತೀರಮ್ಮ?”

ಅದು ಅವಳಿಗೆ ಹೊಳೆದಿರಲಿಲ್ಲ. ಗೋಡೆಯುದ್ದಕ್ಕೂ ಬೀರು, ಬೀರುವಿನ ತುಂಬ ಕಡತ, ಒಂದೊಂದು ಕಡತದಲ್ಲೂ ನೂರಾರು ನಮೂನೆ. ಎಷ್ಟು ಊರಿನ ಬಾವಿಗಳೋ, ಎಷ್ಟು ತೊರೆಗಳೋ, ಎಲ್ಲದರ ಇಪ್ಪತ್ತಮೂರನೇ ಸಾಲಿನಲ್ಲೂ ಅವಳದೇ ದುಂಡಕ್ಷರ. ಆ ಕಾಗದಗಳನ್ನು ನಂಬಿ ಯಾರ್ಯಾರು ಏನೇನು ಕುಡಿದರೋ. ಅವಳಿಗೆ ಅಲ್ಲೇ ಅಳು ಬಂತು, ಸಾಹೇಬರ ಮುಂದೆಯೇ ಅತ್ತಳು.

ಹೊರಗೆ ಬಂದಾಗ ಐಸಪ್ಪ ಬಾಗಿಲಲ್ಲೇ ನಿಂತಿದ್ದ, ಎಲ್ಲ ಕೇಳಿಸಿಕೊಂಡಿದ್ದ. “ಹುಚ್ಚು ಬಿಟ್ಟ ಹೊರತು ಮದುವೆ ಆಗಲ್ಲ, ಮದುವೆ ಆದ ಹೊರತು ಹುಚ್ಚು ಬಿಡಲ್ಲ. ಇದೂ ಹಂಗೇ ಮೇಡಂ” ಎಂದು ಅವಳ ಕೈಗೆ ಒಂದು ಲೋಟ ನೀರು ಕೊಟ್ಟ. ಅವಳು ಲೋಟವನ್ನು ನೋಡಿದಳು, ಕುಡಿಯಲಾಗಲಿಲ್ಲ.

ಆದರೂ ಆದೇಶ ಹೊರಡಿಸಿದ ಕಚೇರಿಗೆ ಪತ್ರ ಬರೆದಳು. ಪತ್ರಕ್ಕೆ ನಂಬರು ಬಿತ್ತು, ಮೂರನೇ ದಿನ ಮೂಲೆಯಲ್ಲಿ ಕೆಂಪು ಶಾಯಿಯ ಒಂದು ಸಾಲು ಹೊತ್ತು ವಾಪಸಾಯಿತು: ವಿಷಯ ಇತ್ಯರ್ಥವಾಗಿದೆ. ದೂರದ ಊರಿನ ಖಾಸಗಿ ಲ್ಯಾಬೊಂದಕ್ಕೆ ಫೋನು ಮಾಡಿದಳು. ಅಲ್ಲಿ ಯಂತ್ರವಿತ್ತು, ಆದರೆ ಇಲಾಖೆಯ ಮುದ್ರೆಯಿಲ್ಲದ ಬಾಟಲಿಯ ಫಲಿತಾಂಶವನ್ನು ಯಾವ ವಿಚಾರಣೆಯಲ್ಲೂ ಒಪ್ಪುವುದಿಲ್ಲ ಎಂದು ಅವರೇ ಹೇಳಿದರು. ದೂರು ಮುಚ್ಚಿದ ಮೇಲೆ ಇಲಾಖೆಯ ಮುದ್ರೆ ಬಾಟಲಿಗೆ ಒತ್ತುವ ಅಧಿಕಾರ ಅವಳಿಗೂ ಇರಲಿಲ್ಲ. ಪತ್ರಿಕೆಯವರಿಗೆ ಹೇಳೋಣವೆಂದರೆ ಹೇಳಲು ಅಂಕಿ ಬೇಕಲ್ಲ. ನೀರಿನಲ್ಲಿ ಇದೆ ಎನ್ನಲೂ ಅವಳ ಹತ್ತಿರ ಪುರಾವೆಯಿಲ್ಲ, ಇಲ್ಲ ಎನ್ನಲೂ ಪುರಾವೆಯಿಲ್ಲ. ಇದ್ದದ್ದು ಒಂದು ಸಹಿ ಮಾತ್ರ.

ಈ ಓಡಾಟದಲ್ಲಿ ಹನ್ನೊಂದು ದಿನ ಕಳೆದವು. ಅಕ್ಕ ನಡುವೆ ಎರಡು ಸಲ ಫೋನು ಮಾಡಿದಳು. ಭಾವನ ಗಾಯ ಮತ್ತೆ ಬಾಯಿ ಬಿಟ್ಟಿದೆ, ಕೀವು ಬರುತ್ತಿದೆ, ಆಸ್ಪತ್ರೆಗೆ ಹೋಗಿಬರುತ್ತಿದ್ದೇವೆ ಎಂದಳು. ಇವಳು ಕೆಲಸ ಜಾಸ್ತಿ ಅಕ್ಕ, ಭಾನುವಾರ ಬರ್ತೀನಿ ಎಂದಳು. ನಾಚಿಕೆ. ತಿದ್ದಿದ ಕಾಗದ ಕೈಯಲ್ಲಿ ಹಿಡಿದುಕೊಂಡೇ ಅಕ್ಕನ ಮುಂದೆ ನಿಲ್ಲಬೇಕೆಂಬ ಹಟ. ಅಕ್ಕ ನೀರು ಹೊತ್ತು ತರುತ್ತಿದ್ದಾಳೆಂಬ ಧೈರ್ಯವೂ ಇತ್ತೆನ್ನಿ. ಕಾಗದ ಏನೇ ಹೇಳಲಿ, ಬಾವಿಯ ನೀರು ಮುಟ್ಟಬೇಡವೆಂದು ತಾನೇ ಬಾಯಿಬಿಟ್ಟು ಹೇಳಿದ್ದೇನಲ್ಲ ಎಂದುಕೊಂಡಿದ್ದಳು.

ಭಾನುವಾರ ಬೆಳಿಗ್ಗೆ ಹೋದಾಗ ಭಾವ ಮುಂದಿನ ಕೋಣೆಯಲ್ಲಿ ಯಾರದೋ ಹೊಸ ಹಸಿರು ಸೋಫಾದ ಮೇಲೆ ಒರಗಿದ್ದ. ಕಾಲು ಸ್ಟೂಲಿನ ಮೇಲಿತ್ತು. ಇದರ ಯಜಮಾನ ಬರೋ ತನಕ ನಾನೇ ಯಜಮಾನ, ಕೂತ್ಕೊ ನಾದಿನಿ ಎಂದ. ಮುಖದಲ್ಲಿ ಮೂಳೆ ಎದ್ದಿತ್ತು, ಕಣ್ಣಿನ ಕೆಳಗೆ ಕಪ್ಪು. ಕೋಣೆಯಲ್ಲಿ ಹೊಸ ಬಟ್ಟೆಯ ವಾಸನೆಯ ಜೊತೆ ಇನ್ನೊಂದು ವಾಸನೆ. ಕೆಮಿಸ್ಟಮ್ಮನಿಗೆ ಅದರ ಗುರುತು ಹತ್ತಿತು, ಕೊಳೆಯುತ್ತಿರುವ ಗಾಯದ್ದು.

ಅಕ್ಕ ಆಸ್ಪತ್ರೆಯ ಕಾಗದ ತಂದು ಕೊಟ್ಟಳು. ಕೀವಿನ ಕ್ರಿಮಿಯನ್ನು ತಟ್ಟೆಯಲ್ಲಿ ಬೆಳೆಸಿ ಏಳು ಔಷಧ ಹಾಕಿ ನೋಡಿದ್ದರು. ಏಳಕ್ಕೂ ಕ್ರಿಮಿ ಜಗ್ಗಿರಲಿಲ್ಲ. ಡಾಕ್ಟರಿಗೆ ಆಶ್ಚರ್ಯ, ಇಂಥದು ದೊಡ್ಡಾಸ್ಪತ್ರೆಯಲ್ಲೇ ತಿಂಗಳುಗಟ್ಟಲೆ ಮಲಗಿದವರಿಗೆ ಬರುವುದು, ಮನೆಯಲ್ಲಿ ಕೂತವನಿಗೆ ಹೇಗೆ ಬಂತು ಎಂದರಂತೆ. ಕೆಮಿಸ್ಟಮ್ಮನಿಗೆ ಆಶ್ಚರ್ಯವಾಗಲಿಲ್ಲ. ತೊರೆಗೆ ದಿನಾ ಚೂರುಚೂರು ಔಷಧ ಬಂದು ಬೀಳುತ್ತಿದ್ದರೆ ಅದರಲ್ಲಿ ಬದುಕಿದ ಕ್ರಿಮಿಗಳಿಗೆ ಅದು ರೂಢಿಯಾಗುತ್ತದೆ, ದಿನಾ ಬೈಸಿಕೊಂಡ ಮಗು ಬೈಗುಳಕ್ಕೆ ಕಿವಿಗೊಡದ ಹಾಗೆ. ಕಾಗದದ ಕೆಳಗೆ ಬರುವ ಗುರುವಾರದ ತಾರೀಕಿತ್ತು. ಮಂಡಿಯ ಕೆಳಗೆ ಕಾಲು ತೆಗೆಯುವುದೆಂದು ಬರೆದಿತ್ತು.

“ಹೊಲಿಗೆ ಮಷೀನು ತುಳಿಯೋಕೆ ಒಂದು ಕಾಲು ಸಾಕಾ ಅಂತ ಯೋಚನೆ ಮಾಡ್ತಿದ್ದೀನಿ” ಎಂದ ಭಾವ.

ಅಕ್ಕ ಅವನ ಕಾಲ ಬಳಿ ನೆಲದ ಮೇಲೆ ಕೂತು ಬ್ಯಾಂಡೇಜು ಬಿಚ್ಚುತ್ತ ಮಾತಾಡುತ್ತಿದ್ದಳು. ಮೊದಲೆರಡು ತಿಂಗಳು ಎಷ್ಟು ಚೆನ್ನಾಗಿ ಒಣಗುತ್ತ ಬಂದಿತ್ತು, ಆಮೇಲೆ ಯಾರ ಕಣ್ಣು ಬಿತ್ತೋ ಏನೋ ಎಂದಳು. ಪಕ್ಕದಲ್ಲಿ ಒಂದು ಅಗಲದ ಬೇಸನ್ನಿತ್ತು. ಅವಳು ಅದರಲ್ಲಿ ಬಟ್ಟೆ ಅದ್ದಿ ಹಿಂಡಿ ಗಾಯ ಒರೆಸಿದಳು, ಮತ್ತೆ ಅದ್ದಿದಳು. ನೀರು ಆಗಲೇ ಬಣ್ಣ ತಿರುಗಿತ್ತು.

ಕೆಮಿಸ್ಟಮ್ಮ ಸುತ್ತ ನೋಡಿದಳು. ನೀರಿನ ಕ್ಯಾನುಗಳು ಎಲ್ಲೂ ಕಾಣಲಿಲ್ಲ. “ಅಕ್ಕ, ಇದು ಎಲ್ಲಿಯ ನೀರು?”

“ಬಾವೀದು, ಮತ್ತೆಲ್ಲೀದು?” ಅಕ್ಕ ತಲೆಯೆತ್ತದೆ ಹೇಳಿದಳು. “ನೀನು ಪರೀಕ್ಷೆ ಮಾಡಿ ಔಷಧ ಗಿವುಷಧ ಏನೂ ಇಲ್ಲ ಅಂತ ಸಹಿ ಹಾಕಿದೆಯಲ್ಲ, ಬೀದಿಗೆ ಒಂದು ಕಾಪಿ ಬಂತು. ಎಲ್ಲರೂ ಹಿತ್ತಿಲ ನೀರೇ ಬಳಸ್ತಿದ್ದಾರೆ ಈಗ. ನನ್ನ ಮಂಡಿಗೂ ಪುಣ್ಯ ಬಂತು ನೋಡು. ಕಾಯಿಸೋ ಗೋಜೂ ತಪ್ಪಿತು.”

ಗೋಡೆಯ ಮೇಲೆ, ಅಳತೆ ಟೇಪು ನೇತುಹಾಕುವ ಮೊಳೆಗೆ, ಪ್ಲಾಸ್ಟಿಕ್ ಕವರಿನಲ್ಲಿ ಆ ವರದಿ ತೂಗುತ್ತಿತ್ತು. ಸೋಫಾ ಕೊಡಲು ಬಂದವರಿಗೆಲ್ಲ ಅಕ್ಕ ಅದನ್ನು ತೋರಿಸುತ್ತಿದ್ದಳಂತೆ, ನಮ್ಮ ಮರಿ ಸಹಿ ಎಂದು.

“ನಾನು ಬಾವಿ ನೀರು ಬೇಡ ಅಂತ ಹೇಳಿದ್ದೆನಲ್ಲ ಅಕ್ಕ.”

“ಅದು ಪರೀಕ್ಷೆಗೆ ಮುಂಚೆ ಹೇಳಿದ್ದು. ಬಾಯಲ್ಲಿ ಹೇಳಿದ್ದಕ್ಕಿಂತ ಬರೆದು ಕೊಟ್ಟಿದ್ದು ದೊಡ್ಡದಲ್ವೇನೆ?”

ಹೇಳದೆ ಇರಬಹುದಿತ್ತು. ಹೇಗಿದ್ದರೂ ಗುರುವಾರ ಬರುತ್ತದೆ, ಕಾಲು ಹೋಗುತ್ತದೆ, ಅಕ್ಕ ಯಾರದೋ ಕೆಟ್ಟ ಕಣ್ಣನ್ನು ಬೈದುಕೊಂಡು ಇರುತ್ತಾಳೆ. ಕೆಮಿಸ್ಟಮ್ಮನ ಮನಸ್ಸು ಅತ್ತ ಒಂದು ಹೆಜ್ಜೆ ಇಟ್ಟದ್ದೂ ನಿಜ. ಆದರೆ ಅಕ್ಕನ ಕೈ ಮತ್ತೆ ಬೇಸನ್ನಿಗೆ ಇಳಿಯಿತು. ಆ ಕೈಯ ಬೆರಳಿನಲ್ಲಿ, ಗಂಡನ ಹೊಲಿಗೆಗೆ ಕೈಗೂಡಿಸುವಾಗ ಸೂಜಿ ಚುಚ್ಚಿದ ಗಾಯಗಳಿದ್ದವು. ಇವಳು ಹೋಗಿ ಅಕ್ಕನ ಮಣಿಕಟ್ಟು ಹಿಡಿದುಕೊಂಡಳು.

“ಅಕ್ಕ, ನಾವು ಅದನ್ನ ನೋಡೇ ಇಲ್ಲ. ನೋಡೋ ಮಷೀನು ನಮ್ಮಲ್ಲಿಲ್ಲ. ಆ ಸಾಲಲ್ಲಿ ‘ಇಲ್ಲ’ ಅಂದ್ರೆ ನೀರಲ್ಲಿ ಇಲ್ಲ ಅಂತಲ್ಲ. ನಮ್ಮ ಹತ್ರ ಪರೀಕ್ಷೆ ಇಲ್ಲ ಅಂತ.”

ಅಕ್ಕನಿಗೆ ಮೊದಲ ಸಲಕ್ಕೆ ತಿಳಿಯಲಿಲ್ಲ. ಇವಳು ಇನ್ನೊಮ್ಮೆ ಹೇಳಿದಳು. ಚೌಕದ ಅಗಲ ಹೇಳಿದಳು, ಆದೇಶ ಬಂದದ್ದು ಹೇಳಿದಳು, ಹನ್ನೊಂದು ದಿನ ಬಾಯಿ ಬಿಡದೆ ಕೂತದ್ದನ್ನೂ ಹೇಳಿದಳು. ಅಕ್ಕ ಗೋಡೆಯ ಕಾಗದ ನೋಡಿದಳು, ಗಂಡನ ಕಾಲು ನೋಡಿದಳು. ತುಟಿ ಸಣ್ಣಗೆ ಅಲುಗುತ್ತಿತ್ತು, ವಾರಗಳನ್ನು ಎಣಿಸುತ್ತಿದ್ದಳು. ವರದಿ ಬಂದದ್ದು ಯಾವಾಗ, ಕ್ಯಾನು ತರುವುದು ಬಿಟ್ಟದ್ದು ಯಾವಾಗ, ಗಾಯ ತಿರುಗಿ ಕೆಂಪಾದದ್ದು ಯಾವಾಗ.

“ಕಾಲು ನಂದು ತಾನೆ” ಎಂದ ಭಾವ. “ನಾನೇ ಏನೂ ಅಂತಿಲ್ಲ. ನೀವಿಬ್ಬರು ಯಾಕೆ ಹೀಗೆ ಕೂತಿದ್ದೀರಿ?” ಅಷ್ಟು ಹೇಳಿ ಅವನು ಮುಖವನ್ನು ಸೋಫಾದ ಬೆನ್ನಿನ ಕಡೆ ತಿರುಗಿಸಿಕೊಂಡ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಕೆಮಿಸ್ಟಮ್ಮ ಬದುಕಿಕೊಳ್ಳುತ್ತಿದ್ದಳು. “ಈ ಕೈಯಲ್ಲೇ ತೊಳೆದೆನಲ್ಲ ಮರಿ” ಎಂದಳು, “ದಿನಕ್ಕೆರಡು ಸಲ.” ನೀನು ಬರೆದೆ ಎನ್ನಲಿಲ್ಲ, ನಾನು ತೊಳೆದೆ ಎಂದಳು.

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಮಂಡಿಗೆ ಕೈಯೂರಿ ಎದ್ದಳು. ಬೇಸನ್ನನ್ನು ತುಳುಕದಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಹಿಂಬಾಗಿಲವರೆಗೆ ಹೋದಳು, ಹೊಸ್ತಿಲಲ್ಲಿ ನಿಂತಳು. ಎಡಕ್ಕೆ ಬಾವಿ. ಬಲಕ್ಕೆ ಪಕ್ಕದ ಮನೆಯವರ ಸೊಪ್ಪಿನ ಪಾತಿ. ನೇರಕ್ಕೆ ಬಚ್ಚಲ ಮೋರಿ, ಅದು ಹೋಗಿ ಸೇರುವುದು ತೊರೆಗೆ, ತೊರೆಯ ಕೆಳಗಡೆ ಇನ್ನೂ ನಾಲ್ಕು ಬೀದಿಗಳ ಬಾವಿಗಳು.

“ಇದನ್ನ ಎಲ್ಲಿ ಚೆಲ್ಲಲಿ ಮರಿ?” ಎಂದು ಕೇಳಿದಳು.

ಯಾವ ಕೊಳಕು ನೀರನ್ನು ಎಲ್ಲಿ ಬಿಡಬೇಕು, ಎಲ್ಲಿ ಬಿಡಕೂಡದು ಎಂಬ ನಿಯಮದ ಪುಸ್ತಕ ಕೆಮಿಸ್ಟಮ್ಮನಿಗೆ ಬಾಯಿಪಾಠವಾಗಿತ್ತು. ಅವಳು ಮನಸ್ಸಿನಲ್ಲೇ ಪುಟ ತಿರುವಿದಳು. ಅಕ್ಕ ಬೇಸನ್ನು ಹಿಡಿದುಕೊಂಡು ಕಾಯುತ್ತಿದ್ದಳು, ಮರಿ ಹೇಳಿದ ಕಡೆ ಚೆಲ್ಲೋಣವೆಂದು.